ಎಣಿಸ್ತಿದಾರೆ, ಒಂದು ಗಂಟೆಗೆ ಹೇಳ್ತೀನಿ

೧೯೯೯ರ ಮಾರ್ಚ್ ತಿಂಗಳಲ್ಲಿ ಹೊಳಲ್ಕೆರೆಯ ನನ್ನ ಭಾವ ತಿಪ್ಪೇಸ್ವಾಮಿಯವರ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಟೆಲಿಫೋನನ್ನು ಹೊರಗೆ ಸಾಗಿಸಲಾಯಿತು. ಸಾಗಿಸಿದವರು ನನ್ನ ಅಕ್ಕ ಗಂಗಮ್ಮ. ತಾರೀಖು ಗೊತ್ತಿಲ್ಲ.

ತಾರೀಖು ಗೊತ್ತಿಲ್ಲ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಚಿತ್ರದುರ್ಗದ ಒಂದು ಸಣ್ಣ ಪತ್ರಿಕೆಯಲ್ಲಿ ವರ್ಷಗಟ್ಟಲೆ ವರದಿಗಾರನಾಗಿದ್ದವನು ನಾನು. ಯಾರು, ಏನು, ಎಲ್ಲಿ, ಯಾವಾಗ ಎಂಬುದರಲ್ಲಿ ಒಂದು ತಪ್ಪಿದರೂ ನಮ್ಮ ಸಂಪಾದಕರು ಕಾಗದವನ್ನು ಮಡಚಿ ಕಿವಿ ಕೆರೆದುಕೊಳ್ಳಲು ಬಳಸುತ್ತಿದ್ದರು. ಅದಕ್ಕಿಂತ ದೊಡ್ಡ ಅವಮಾನ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಇದೇನೂ ಪತ್ರಿಕೆಗೆ ಬರೆಯುತ್ತಿರುವ ಸುದ್ದಿಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಕ್ಕನ ಮನೆಗೆ ಹೊಸ ಫೋನ್ ಬಂದ ಮೇಲೆ ಆ ಹಳೇ ಫೋನು ನನ್ನ ಮೇಜಿನ ಮೇಲಕ್ಕೆ ಬಂತು. ಬೂದಿ ಬಣ್ಣ, ಗುಂಡಿ ಒತ್ತುವ ಮಾದರಿ. ಗುಂಡಿಗಳ ಮೇಲೆ ಭಾವನ ಬೆರಳಿನ ವಾರ್ನಿಷ್ ಅಂಟಿ ಅಂಕಿಗಳು ಅರ್ಧ ಮುಚ್ಚಿವೆ. ಫ್ಯಾನ್ ಗಾಳಿಗೆ ಕಾಗದ ಹಾರದಂತೆ ಅದನ್ನು ಭಾರಕ್ಕೆ ಇಟ್ಟುಕೊಂಡಿದ್ದೇನೆ. ನನ್ನ ಹೆಂಡತಿ ಅದನ್ನು ಗುಜರಿಗೆ ಹಾಕಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದಾಳೆ. ಅಕ್ಕ ಮಾಡಿದ ಕೆಲಸಕ್ಕೆ ಉಳಿದಿರುವ ಸಾಕ್ಷಿ ಅದೊಂದೇ ಎಂದು ನಾನು ಹೇಳುತ್ತೇನೆ. ಸಾಕ್ಷಿಯ ಧೂಳನ್ನು ಯಾರು ಒರೆಸಬೇಕು ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಮೊದಲು ಭಾವನ ಕೆಲಸ ಏನೆಂದು ಹೇಳಬೇಕು. ಬೋರ್‌ವೆಲ್ಲಿನ ಮೋಟರ್ ಸುಟ್ಟುಹೋದರೆ ಅದನ್ನು ಮೇಲಕ್ಕೆತ್ತಿ ಅವರ ಅಂಗಡಿಗೆ ತರುತ್ತಾರೆ. ಅವರು ಒಳಗಿನ ಕರಿಕಲಾದ ತಂತಿಯನ್ನೆಲ್ಲ ಕಿತ್ತು ಹೊಸ ತಾಮ್ರದ ತಂತಿಯನ್ನು ಕಬ್ಬಿಣದ ಸೀಳುಗಳೊಳಗೆ ಕೈಯಿಂದಲೇ ಎಳೆದು ಸುತ್ತುತ್ತಾರೆ. ಒಂದೊಂದು ಸೀಳಿಗೂ ಇಷ್ಟು ಸುತ್ತು ಎಂಬ ಲೆಕ್ಕವಿದೆ. ಒಂದರಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಹೆಚ್ಚಾದರೆ ಮೋಟರ್ ಓಡುತ್ತದೆ, ಆದರೆ ಬಿಸಿಯಾಗುತ್ತಾ ಓಡುತ್ತದೆ, ಕೊನೆಗೆ ಮತ್ತೆ ಸುಡುತ್ತದೆ. ಆದ್ದರಿಂದ ಸುತ್ತುವುದೆಂದರೆ ಎಣಿಸುವುದು. ಭಾವ ಬಾಯಲ್ಲಿ ಎಣಿಸುತ್ತಾರೆ, ಮೆಲ್ಲಗೆ, ತುಟಿ ಮಾತ್ರ ಆಡಿಸುತ್ತಾ. ಎಣಿಕೆ ತಪ್ಪಿದರೆ ಆ ಸೀಳನ್ನು ಬಿಚ್ಚಿ ಮೊದಲಿನಿಂದ ಸುತ್ತುವುದೊಂದೇ ದಾರಿ.

ಎಣಿಸುವವರನ್ನು ಮಾತಾಡಿಸಬಾರದು ಎಂಬುದು ನಮ್ಮ ಮನೆಯಲ್ಲಿ ಹೊಸದಲ್ಲ. ನಾವು ಮೂಲತಃ ಮಾಡದಕೆರೆ ಕಡೆಯವರು. ನಾನು ಚಿಕ್ಕವನಿದ್ದಾಗ ರಾಗಿ ಅಳೆಯುವ ಕೆಲಸ ಅಜ್ಜಿಯದು. ಸೇರಿನ ತುಂಬ ರಾಗಿ ತುಂಬಿ, ಅಂಗೈಯಲ್ಲಿ ತಲೆ ಸವರಿ, ಚೀಲಕ್ಕೆ ಸುರಿಯುವಾಗ ಅವಳು ಒಂದು ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದಳು. ಆಮೇಲೆ ಎರಡು. ಮುಂದಿನ ಸೇರು ತುಂಬುವವರೆಗೂ ‘ಎರಡೇ ಎರಡು, ಎರಡೇ ಎರಡು’ ಎಂದು ಹಾಡಿನಂತೆ ಹೇಳುತ್ತಲೇ ಇರುತ್ತಿದ್ದಳು, ಅಂಕಿ ಬಾಯಿಂದ ಜಾರದ ಹಾಗೆ. ಅವಳನ್ನು ತಪ್ಪಿಸಲು ನಾನೂ ಅಕ್ಕನೂ ಮಾಡದ ಆಟವಿಲ್ಲ. ‘ಅಜ್ಜಿ, ನಿಂಗೆ ವಯಸ್ಸೆಷ್ಟು?’ ಎಂದು ಕೇಳಿದರೆ ಅವಳು ನಮ್ಮ ಕಡೆ ಕಣ್ಣು ಕೆಕ್ಕರಿಸಿ ‘ಹನ್ನೊಂದು’ ಎನ್ನುವಳು. ಆ ಹನ್ನೊಂದರಲ್ಲಿ ಬೈಗುಳವೂ ಸೇರಿರುತ್ತಿತ್ತು.

ಅಜ್ಜಿ ಅಳೆಯಲು ಕುಳಿತರೆ ನಮ್ಮ ಚಿಕ್ಕಮ್ಮ ತಲೆಬಾಗಿಲಲ್ಲಿ ನಿಲ್ಲುತ್ತಿದ್ದಳು. ಮಜ್ಜಿಗೆ ಕೇಳಲು ಬಂದವರು, ಎತ್ತು ಕೇಳಲು ಬಂದವರು, ಸುಮ್ಮನೆ ಮಾತಿಗೆ ಬಂದವರು ಎಲ್ಲರಿಗೂ ಅವಳದು ಒಂದೇ ಮಾತು: ‘ಅತ್ತೆ ಅಳೀತೈತೆ.’ ಊರಲ್ಲಿ ಯಾರೂ ಅದರ ಮೇಲೆ ಇನ್ನೊಂದು ಪ್ರಶ್ನೆ ಹಾಕುತ್ತಿರಲಿಲ್ಲ. ಬಂದ ಕೆಲಸವನ್ನು ಚಿಕ್ಕಮ್ಮನಿಗೆ ಹೇಳಿ ಹೋಗುತ್ತಿದ್ದರು.

ಭಾವನ ಅಂಗಡಿಗೆ ಅಂಥ ಬಾಗಿಲು ಇರಲಿಲ್ಲ. ಇದ್ದದ್ದು ಷಟರ್ರು.

ಮೊದಮೊದಲು ಅಂಗಡಿಯಲ್ಲಿ ಫೋನೂ ಇರಲಿಲ್ಲ. ಬೋರ್ಡಿನ ಮೇಲೆ ಎದುರಿನ ಔಷಧಿ ಅಂಗಡಿಯ ನಂಬರ್ ಬರೆಸಿ ಪಕ್ಕದಲ್ಲಿ ಪಿ.ಪಿ. ಎಂದು ಹಾಕಿಸಿದ್ದರು. ಈಗಿನವರಿಗೆ ಪಿ.ಪಿ. ಗೊತ್ತಿರಲಿಕ್ಕಿಲ್ಲ. ಫೋನು ನನ್ನದಲ್ಲ, ಆದರೆ ಈ ನಂಬರಿಗೆ ಮಾಡಿದರೆ ನನ್ನನ್ನು ಕರೆಯುತ್ತಾರೆ ಎಂದು ಅದರ ಅರ್ಥ. ಆ ಕಾಲದ ಲಗ್ನಪತ್ರಿಕೆಗಳಲ್ಲಿ, ಅಂಗಡಿ ಕಾರ್ಡುಗಳಲ್ಲಿ, ನಮ್ಮ ಪತ್ರಿಕೆಯ ತಾಲ್ಲೂಕು ಬಾತ್ಮೀದಾರರ ವಿಳಾಸಗಳಲ್ಲಿ ಎಲ್ಲೆಲ್ಲೂ ಪಿ.ಪಿ. ಇರುತ್ತಿತ್ತು. ಕರೆಯುವುದು ಬಿಡುವುದು ಫೋನಿನವರ ಮರ್ಜಿ. ಔಷಧಿ ಅಂಗಡಿಯವರು ಹತ್ತು ಫೋನಿಗೆ ಎರಡು ಸಲ ರಸ್ತೆ ದಾಟಿ ಬಂದು ಹೇಳುತ್ತಿದ್ದರು. ಭಾವ ಅವರನ್ನು ಬಹಳ ಬೈದುಕೊಳ್ಳುತ್ತಿದ್ದರು. ತಮ್ಮ ಜೀವನದ ನೆಮ್ಮದಿಯ ಕಾಲ ಅದೇ ಎಂದು ಅವರಿಗೆ ಆಗ ತಿಳಿದಿರಲಿಲ್ಲ.

ವರ್ಷಗಳ ಕಾಯುವಿಕೆಯ ನಂತರ ಅಂಗಡಿಗೆ ಸ್ವಂತ ಫೋನ್ ಬಂತು. ಅದಕ್ಕೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಮೊದಲ ಕರೆಯನ್ನು ನನಗೆ ಮಾಡಿದರು. ಎರಡನೇ ದಿನದಿಂದ ಅದು ಬಾಯಿ ಮುಚ್ಚಲಿಲ್ಲ. ನಮ್ಮ ಕಡೆಯ ಜನ ಫೋನಿನಲ್ಲಿ ನೇರವಾಗಿ ವಿಷಯಕ್ಕೆ ಬರುವುದನ್ನು ಮರ್ಯಾದೆಗೇಡೆಂದು ತಿಳಿಯುತ್ತಾರೆ. ಊಟ ಆಯ್ತಾ, ಮಳೆ ಹೆಂಗೈತೆ, ಅಕ್ಕಾರು ಹೆಂಗವ್ರೆ, ಆಮೇಲೆ ಒಂದು ಸಣ್ಣ ಕೆಮ್ಮು, ಆಮೇಲೆ ಮೋಟರ್. ಭಾವ ಎಡಗೈಯಲ್ಲಿ ತಂತಿ ಹಿಡಿದುಕೊಂಡೇ ರಿಸೀವರ್ ಎತ್ತಿ, ಅಂಕಿ ಮರೆಯಬಾರದೆಂದು ‘ಇಪ್ಪತ್ತಾರು, ಹಲೋ’ ಎನ್ನುತ್ತಿದ್ದರು. ಹೀಗೆ ಒಂದು ಸಲ ಗುಡ್ಡದ ಕಡೆಯ ಒಬ್ಬ ಗಿರಾಕಿ ತನ್ನ ಮೋಟರ್ ಇಪ್ಪತ್ತಾರನೇ ತಾರೀಖಿಗೆ ಸಿದ್ಧ ಎಂದು ತಿಳಿದು, ಅದೇ ದಿನ ಬಾಡಿಗೆ ಟೆಂಪೋ ಮಾಡಿಕೊಂಡು ಬಂದ. ಮೋಟರ್ ಇನ್ನೂ ಬಿಚ್ಚಿರಲೂ ಇಲ್ಲ. ‘ನೀವೇ ಹೇಳಿದ್ರಿ, ಫೋನ್ ಎತ್ತಿದ ತಕ್ಷಣ ಹೇಳಿದ್ರಿ, ನಾನು ಕೇಳೋಕೂ ಮುಂಚೆ’ ಎಂದು ಅವನು ಜಗಳಕ್ಕೆ ನಿಂತ. ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಕೆಲಸಕ್ಕೆ ಜನ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಟ್ಟಿದ್ದರು. ಇಬ್ಬರು ಕಲಿತು ಹೋಗಿ ಒಬ್ಬ ಹಿರಿಯೂರಿನಲ್ಲಿ, ಇನ್ನೊಬ್ಬ ಇದೇ ಹೊಳಲ್ಕೆರೆಯ ಇನ್ನೊಂದು ತುದಿಯಲ್ಲಿ ಅಂಗಡಿ ಹಾಕಿದರು. ಆಮೇಲೆ ಭಾವ ಒಬ್ಬರೇ. ಬಿಚ್ಚುವವರು, ಸುತ್ತುವವರು, ವಾರ್ನಿಷ್ ಬಳಿಯುವವರು, ಚೌಕಾಸಿ ಮಾಡುವವರು, ಫೋನ್ ಎತ್ತುವವರು ಎಲ್ಲ ಅವರೇ.

೧೯೯೯ರ ಜನವರಿಯಲ್ಲಿ ಒಂದು ಹಾಸ್ಟೆಲ್ಲಿನ ಮೋಟರ್ ಬಂತು. ಹಾಸ್ಟೆಲ್ಲಿನ ಹೆಸರು ಇಲ್ಲಿ ಬೇಡ. ಸಿರಿಗೆರೆ ಬಸ್ಸು ಹೋಗುವ ದಾರಿಯಲ್ಲಿತ್ತು ಎಂದರೆ ಸಾಕು. ಬಸ್ಸಿನ ಟಾಪಿನ ಮೇಲೆ ಮೋಟರ್ ಬಂತು, ನೀರಿಲ್ಲದೆ ಮಕ್ಕಳು ಪರದಾಡುತ್ತಿದ್ದಾರೆ ಎಂಬ ಮಾತೂ ಜೊತೆಗೆ ಬಂತು. ಭಾವ ಬೇರೆ ಕೆಲಸ ಬದಿಗಿಟ್ಟು ಕುಳಿತರು. ಫೋನ್ ತನ್ನ ಕೆಲಸ ಮಾಡಿತು. ಬೇಗ ಮುಗಿಸಬೇಕೆಂಬ ಆತುರದಲ್ಲಿ ಒಂದು ಸೀಳಿನ ಎಣಿಕೆ ತಪ್ಪಿದ್ದು ಅವರಿಗೆ ಅನುಮಾನವಾಯಿತು, ಆದರೆ ಬಿಚ್ಚಲಿಲ್ಲ. ಮೋಟರ್ ಹೋಯಿತು, ಇಳಿಯಿತು, ನೀರೆತ್ತಿತು, ಮರುದಿನ ಸುಟ್ಟಿತು. ವಾರ್ಡನ್ ಫೋನ್ ಮಾಡಿ ಕೂಗಾಡಲಿಲ್ಲ. ‘ಮಕ್ಕಳು ಪಕ್ಕದ ತೋಟದಿಂದ ಬಕೆಟ್ಟಿನಲ್ಲಿ ನೀರು ಹೊರ್ತಾ ಅವೆ ತಿಪ್ಪಣ್ಣ’ ಎಂದಷ್ಟೇ ಹೇಳಿ ಇಟ್ಟರು. ಬೈದಿದ್ದರೆ ಭಾವ ತಡೆದುಕೊಳ್ಳುತ್ತಿದ್ದರು.

ಇದೇ ಹೊತ್ತಿಗೆ ದಾವಣಗೆರೆಯಿಂದ ಅವರ ಹಳೇ ಯಜಮಾನರು ಕರೆದರು. ಭಾವ ಕೆಲಸ ಕಲಿತದ್ದು ಅವರ ಕಾರ್ಖಾನೆಯಲ್ಲಿ. ಅಂಗಡಿ ಮುಚ್ಚಿ ಬಾ, ಮೇಸ್ತ್ರಿ ಮಾಡುತ್ತೇನೆ, ಮುಂಗಾರಿನೊಳಗೆ ಹೇಳು ಎಂದರು. ಸ್ವಂತ ಬೋರ್ಡು ಇಳಿಸಿ ಮತ್ತೆ ಇನ್ನೊಬ್ಬರ ಗೇಟಿನೊಳಗೆ ಹೋಗಬೇಕು. ಭಾವ ಹೋಗುವುದೆಂದೇ ತೀರ್ಮಾನಿಸಿ ಊಟಕ್ಕೆ ಕುಳಿತಾಗ ಅಕ್ಕನಿಗೆ ಹೇಳಿದರು. ನಾನು ಅಂದು ಅಲ್ಲೇ ಇದ್ದೆ. ಅಕ್ಕ ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಇಟ್ಟಳು.

‘ಅಂಗಡಿ ಯಾಕೆ ಮುಚ್ತೀರಿ? ಫೋನ್ ಮುಚ್ರಿ.’

ಫೋನಿಲ್ಲದೆ ಗಿರಾಕಿ ಹೇಗೆ ಬರುತ್ತಾರೆ ಎಂದು ಭಾವ ಕೇಳಿದರು. ಅಕ್ಕ ಆಗಲೇ ಯೋಚಿಸಿದ್ದಳೆಂದು ತೋರುತ್ತದೆ. ನನ್ನ ಕಡೆ ತಿರುಗಿ, ‘ಅಜ್ಜಿ ಅಳೆಯುವಾಗ ಚಿಕ್ಕಮ್ಮ ಬಾಗಲಾಗೆ ನಿಂತ್ಕಳ್ತಿದ್ಲಲ್ಲ, ಹಂಗೆ ಒಬ್ರು ಬೇಕು’ ಎಂದಳು.

ಮೊದಲು ತಾನೇ ನಿಂತು ನೋಡಿದಳು. ಅಂಗನವಾಡಿ ಕೆಲಸ ಮುಗಿಸಿ ಬಂದು ಅಂಗಡಿಯಲ್ಲಿ ಫೋನಿನ ಪಕ್ಕ ಕೂರುತ್ತಿದ್ದಳು. ಇದು ನಡೆಯಲಿಲ್ಲ. ಅವಳು ಹಲೋ ಎಂದ ಕೂಡಲೇ ಒಳಗಿನಿಂದ ಭಾವ ‘ಯಾರದು?’ ಎನ್ನುತ್ತಿದ್ದರು. ಯಾರೆಂದು ಅವಳು ಹೇಳುವಷ್ಟರಲ್ಲಿ ಎಣಿಕೆ ಹೋಗಿರುತ್ತಿತ್ತು. ಬಾಗಿಲಲ್ಲಿ ನಿಲ್ಲುವವರು ಭಾವನ ಕಿವಿಗೆ ಬೀಳದಷ್ಟು ದೂರ ಇರಬೇಕು ಎಂಬ ತೀರ್ಮಾನಕ್ಕೆ ಅಕ್ಕ ಬಂದದ್ದು ಹೀಗೆ. ಎಷ್ಟು ದೂರ ಎಂದು ನಾನು ನಗುತ್ತಾ ಕೇಳಿದೆ. ‘ಬೇರೆ ಊರಾದ್ರೆ ಇನ್ನೂ ಒಳ್ಳೇದು’ ಎಂದಳು. ಅವಳು ನಗುತ್ತಿರಲಿಲ್ಲ.

ಬೇರೆ ಊರು ಎಂದಾಗ ನನಗೆ ಖುರ್ಷಿದಾ ಬೇಗಂ ನೆನಪಾದರು. ಮುಖವಲ್ಲ, ದನಿ. ಅವರು ಹೊಸದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಕಾಲದಲ್ಲಿ ನಾನು ಆ ತಾಲ್ಲೂಕಿಗೆ ಹೋದಾಗಲೆಲ್ಲ ಅವರ ಮೂಲಕವೇ ಕಚೇರಿಗೆ ಸುದ್ದಿ ಓದಿ ಹೇಳುತ್ತಿದ್ದೆ. ನನ್ನ ವಾಕ್ಯದ ಕ್ರಿಯಾಪದ ಬರುವ ಮುನ್ನ ‘ಸಾರ್, ಟೈಮ್ ಆಯ್ತು, ಮುಂದುವರಿಸ್ಲಾ?’ ಎಂದು ಕೇಳುತ್ತಿದ್ದರು. ನನ್ನ ವಾಕ್ಯಗಳು ಚಿಕ್ಕವಾದದ್ದು ಸಂಪಾದಕರಿಂದ ಎಂದು ಎಲ್ಲರೂ ತಿಳಿದಿದ್ದಾರೆ. ಒಮ್ಮೆ ಲಾರಿ ಉರುಳಿದ ಸುದ್ದಿ ಓದಿದ್ದೆ. ಮರುದಿನ ಬೇರೇನೋ ಕಾಲ್ ಬುಕ್ ಮಾಡಲು ಹೋದರೆ ಆ ದನಿ ಮೊದಲು ಕೇಳಿದ್ದು, ‘ಸಾರ್, ನಿನ್ನೆ ಆ ಡ್ರೈವರ್ ಬದುಕಿದ್ನಾ?’ ನಾನು ಆಸ್ಪತ್ರೆಗೆ ಹೋಗಿ ವಿಚಾರಿಸಿ ಬಂದು ಹೇಳಿದೆ. ಬದುಕಿದ್ದ.

ನಾನೂ ಅಕ್ಕನೂ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದೆವು. ಖುರ್ಷಿದಾ ಅವರು ನಿವೃತ್ತರಾಗಿದ್ದರು. ಎಕ್ಸ್‌ಚೇಂಜು ತಾನೇ ತಾನಾಗಿ ನಡೆಯತೊಡಗಿದ ಮೇಲೆ ಅಲ್ಲಿ ದನಿಗಳಿಗೆ ಕೆಲಸ ಇರಲಿಲ್ಲ. ಅವರ ಗಂಡನ ಮನೆಯವರು ಚಿತ್ರದುರ್ಗದ ಕೋಟೆ ಬುಡದಲ್ಲಿ ತಲೆಮಾರುಗಳಿಂದ ಗಾದಿ ಹೊಲಿಯುವವರು. ಗಂಡ ತೀರಿಕೊಂಡ ಮೇಲೆ ಇವರು ಹೊಸದುರ್ಗದಲ್ಲೇ ಉಳಿದಿದ್ದರು. ಎತ್ತರದ ಹೆಂಗಸು, ತಲೆ ಮೇಲೆ ಸೆರಗು, ಕಿವಿಯ ಹತ್ತಿರ ಬೆಳ್ಳಗಾದ ಕೂದಲು. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಒಂದು ಕ್ಷಣ ನೋಡಿದರು.

‘ಬರ್ರಿ, ಕುಂತ್ಕಳ್ರಿ. ದನಿಗೆ ಇನ್ನೂ ಸ್ವಲ್ಪ ದಪ್ಪ ಇರ್ತೀರ ಅಂತ ಅಂದ್ಕಂಡಿದ್ದೆ.’

ಅಕ್ಕ ವಿಷಯ ಹೇಳಿದಳು. ಊಟ, ಮಳೆ ಎಂದು ಶುರು ಮಾಡದೆ ನೇರವಾಗಿ ಹೇಳಿದಳು. ಅದೇ ಅವರಿಗೆ ಹಿಡಿಸಿತೆಂದು ಆಮೇಲೆ ಗೊತ್ತಾಯಿತು. ಖುರ್ಷಿದಾ ಗೋಡೆಯ ಗೂಡಿನಲ್ಲಿದ್ದ ಫೋನನ್ನು ತೋರಿಸಿದರು. ‘ಸಂಜೆ ಮಗಳು ಮಾಡ್ತಾಳೆ. ಮಿಕ್ಕ ಹೊತ್ತು ನಾನು ಅದನ್ನ ನೋಡ್ತೀನಿ, ಅದು ನನ್ನ ನೋಡ್ತೈತೆ. ಮಾಡ್ತೀನಿ. ಆದ್ರೆ ಉಪಕಾರ ಅಂದ್ರೆ ಮಾಡಲ್ಲ, ಸಂಬಳ ಅಂದ್ರೆ ಮಾಡ್ತೀನಿ. ಉಪಕಾರದ ಫೋನ್‌ನ ಜನ ತಮಗೆ ಬೇಕಾದಾಗ ಎತ್ತುತ್ತಾರೆ.’

ಔಷಧಿ ಅಂಗಡಿಯವರನ್ನು ನೆನೆದು ಅಕ್ಕ ನನ್ನ ಮುಖ ನೋಡಿದಳು. ಸಂಬಳವೇ ಕೊಡುತ್ತೇವೆ ಎಂದಳು.

ಇನ್ನೊಂದು ಷರತ್ತಿತ್ತು. ಎಲ್ಲರ ವಿಷಯವನ್ನೂ ಕೇಳಿಟ್ಟುಕೊಂಡು ಮಧ್ಯಾಹ್ನ ಒಂದು ಗಂಟೆಗೆ, ಭಾವ ಊಟಕ್ಕೆ ಬಂದಾಗ, ಮನೆಗೆ ಫೋನ್ ಮಾಡುತ್ತಾರೆ. ಸಂಜೆ ಇನ್ನೊಮ್ಮೆ. ನಡುವೆ ಏನೇ ಆದರೂ ಮಾಡುವುದಿಲ್ಲ. ಬೆಂಕಿ ಬಿದ್ದರೂನಾ ಎಂದು ಅಕ್ಕ ಕೇಳಿದಳು.

‘ಬೆಂಕಿ ಬಿದ್ರೆ ನಿಮ್ಮ ಯಜಮಾನ್ರು ಮೋಟರ್ ಹೊತ್ಕಂಡು ಬಂದು ಆರಿಸ್ತಾರಾ?’

ಹೀಗೆ ಮಾರ್ಚ್ ತಿಂಗಳಲ್ಲಿ ಫೋನು ಅಂಗಡಿಯಿಂದ ಎರಡು ಬೀದಿ ಆಚೆಯ ಮನೆಗೆ ಬಂತು. ಭಾವ ಒಪ್ಪಿದ್ದರೆಂದು ಹೇಳಲಾರೆ. ಮೋಟರಿನ ಮುಖ ನೋಡದವರು ಗಿರಾಕಿಗೆ ಏನು ಹೇಳುತ್ತಾರೆ ಎಂದು ಅವರ ವಾದ. ‘ಹೇಳೋದಲ್ಲ, ಕೇಳೋದು’ ಎಂದು ಅಕ್ಕ ಫೋನನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ನಡೆದೇಬಿಟ್ಟಳು. ಬೋರ್ಡಿಗೆ ಏನು ಬರೆಸಬೇಕೆಂದು ನನ್ನನ್ನು ಕೇಳಿದ್ದರು. ಬರೆಯುವವನು ಮನೆಯಲ್ಲಿ ನಾನೊಬ್ಬನೇ ತಾನೆ. ‘ಗ್ರಾಹಕರ ಗಮನಕ್ಕೆ’ ಎಂದು ಆರಂಭಿಸಿ, ‘ಅನಿವಾರ್ಯ ಕಾರಣಗಳಿಂದ’ ಎಂದು ಮುಂದುವರಿಸಿ, ಅರ್ಧ ಪುಟ ಕೊಟ್ಟೆ. ಅಕ್ಕ ಓದಿ, ಯಾರೋ ಸತ್ತಂಗೈತೆ ಎಂದಳು. ಪೇಂಟರ್‌ನಿಂದ ಅವಳು ಬರೆಸಿದ್ದು ಇಷ್ಟು: ‘ಫೋನ್ ಇಲ್ಲಿಲ್ಲ. ಈ ನಂಬರಿಗೆ ಮಾಡ್ರಿ.’ ಕೆಳಗೆ ಖುರ್ಷಿದಾ ಅವರ ಮನೆಯ ನಂಬರ್.

ಮೊದಲ ವಾರಗಳು ಕಷ್ಟದವು. ಗಿರಾಕಿಗಳಿಗೆ ಆ ಹೊಸ ದನಿ ಬೇಡವಾಗಿತ್ತು. ಓನರ್ ಕೊಡ್ರಿ ಎನ್ನುತ್ತಿದ್ದರು. ‘ಎಣಿಸ್ತಿದಾರೆ, ಒಂದು ಗಂಟೆಗೆ ಹೇಳ್ತೀನಿ’ ಎಂದು ಉತ್ತರ ಬರುತ್ತಿತ್ತು. ಏನು ಎಣಿಸುತ್ತಿದ್ದಾರೆ ಎಂದು ಕೆಲವರು, ದುಡ್ಡಾ ಎಂದು ಇನ್ನು ಕೆಲವರು. ಒಬ್ಬ ಸಿಟ್ಟಾಗಿ ಬಸ್ಸು ಹಿಡಿದು ಅಂಗಡಿಗೇ ಬಂದ. ಭಾವ ಸುತ್ತುತ್ತಾ ಕುಳಿತಿದ್ದರು. ಅವನು ಎದುರು ನಿಂತು ತನ್ನ ದೂರು ಪೂರ್ತಿ ಹೇಳಿದ. ಭಾವ ತಲೆ ಎತ್ತದೆ ‘ಮೂವತ್ತೊಂದೇ ಮೂವತ್ತೊಂದು, ಮೂವತ್ತೊಂದೇ ಮೂವತ್ತೊಂದು’ ಎನ್ನುತ್ತಲೇ ಇದ್ದರು, ಅವನು ನಿಲ್ಲಿಸುವವರೆಗೆ. ಅವನು ಹೆದರಿ ಎದುರಿನ ಔಷಧಿ ಅಂಗಡಿಗೆ ಹೋಗಿ ತಿಪ್ಪಣ್ಣಂಗೆ ಏನಾಗೈತೆ ಎಂದು ವಿಚಾರಿಸಿದನಂತೆ. ಅಜ್ಜಿಯ ಹಾಡನ್ನು ಭಾವನಿಗೆ ಕಲಿಸಿದ್ದು ಅಕ್ಕ.

ಆ ತಿಂಗಳುಗಳಲ್ಲಿ ಗಿರಾಕಿ ಸ್ವಲ್ಪ ಕಡಿಮೆಯಾದದ್ದು ನಿಜ. ನೋಡು, ನಾನು ಹೇಳಲಿಲ್ಲವೇ ಎಂದರು ಭಾವ. ಅಕ್ಕ ಹಿಂದೆ ಸರಿಯಲಿಲ್ಲ. ಒಂದು ಗಂಟೆಯ ಫೋನಿನಲ್ಲಿ ಖುರ್ಷಿದಾ ಭಾವನಿಗೇ ಪ್ರಶ್ನೆ ಹಾಕಲು ಆರಂಭಿಸಿದ್ದರು. ಮೋಟರ್ ಕೆಟ್ಟಿತು ಎಂದು ಜನ ಹೇಳುತ್ತಾರೆ, ನಾನು ಅವರನ್ನು ತಿರುಗಿ ಏನು ಕೇಳಲಿ? ಭಾವ ಒಲ್ಲದ ಮನಸ್ಸಿನಿಂದ ಒಂದೊಂದೇ ಹೇಳಿದರು. ಗುಂಯ್ ಅಂತೈತಾ, ಸುಮ್ನೆ ಐತಾ? ಸ್ಟಾರ್ಟರ್ ಹಿಡಿದು ಬಿಡ್ತೈತಾ, ಹಿಡಿಯದೇ ಇಲ್ವಾ? ಪಕ್ಕದ ತೋಟಕ್ಕೆ ಕರೆಂಟ್ ಐತಾ? ಅಷ್ಟನ್ನೇ ಅವರು ಎಲ್ಲರನ್ನೂ ಕೇಳತೊಡಗಿದರು. ಮಾಡದಕೆರೆ ಕಡೆಯ ಒಬ್ಬ ರೈತ ಬೋರಿನಿಂದ ಮೋಟರ್ ಎತ್ತಿಸಲು ಆಳುಗಳನ್ನು ಕರೆಸಿಬಿಟ್ಟಿದ್ದ. ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೋಗಿ ಫ್ಯೂಸ್ ಹೋಗಿರುವುದನ್ನು ತಾನೇ ಕಂಡುಕೊಂಡ. ಆಳುಗಳು ಟೀ ಕುಡಿದು ಹೋದರು. ಭಾವನಿಗೆ ಒಂದು ಮೋಟರ್ ತಪ್ಪಿತು, ಆ ಊರಿನ ಎಲ್ಲ ಮೋಟರುಗಳೂ ಆಮೇಲೆ ಬಂದವು. ಅದೇ ರೈತ ಒಂದು ದೊಡ್ಡ ಕುಂಬಳಕಾಯಿ ಹೊತ್ತು ಅಂಗಡಿಗೆ ಬಂದು, ಫೋನಿನ ಮೇಡಮ್ಮನ್ನು ನೋಡಬೇಕು, ಮೇಲಕ್ಕೆ ಮೆಟ್ಟಿಲು ಎಲ್ಲೈತೆ ಎಂದು ಕೇಳಿದ. ಅಂಗಡಿಗೆ ಮೇಲಂತಸ್ತೇ ಇರಲಿಲ್ಲ. ಕುಂಬಳಕಾಯಿ ಹೊಸದುರ್ಗದ ಬಸ್ಸಿನಲ್ಲಿ ಹೋಯಿತು.

ಜೂನ್ ಬಂತು, ಶಾಲೆಗಳು ತೆರೆದವು, ಹಾಸ್ಟೆಲ್ಲಿನ ಮೋಟರ್ ಮತ್ತೆ ಸುಟ್ಟಿತು. ನಡುವೆ ಅವರು ಅದನ್ನು ಬೇರೆಯವರಿಂದ ಸುತ್ತಿಸಿಕೊಂಡಿದ್ದರು. ಈಗ ಆ ಇನ್ನೊಬ್ಬರಲ್ಲಿ ಕೆಲಸ ತುಂಬಿಹೋಗಿತ್ತು. ವಾರ್ಡನ್‌ಗೆ ಭಾವನೊಡನೆ ನೇರ ಮಾತಾಡಲು ಸಂಕೋಚ. ಬೇರೆ ಊರಿನ ಅಪರಿಚಿತ ದನಿಯೊಡನೆ ಅದು ಸುಲಭವಾಯಿತೆಂದು ಅವರೇ ಆಮೇಲೆ ಹೇಳಿದರು. ಹಿಂದೆ ಹೀಗಾಗಿತ್ತು, ಈ ಸಲ ಕೆಲಸ ನಿಲ್ಲುತ್ತದೆಯೇ ಎಂದು ಕೇಳಿದ್ದರಂತೆ. ‘ನಾಳೆ ಮೊದಲ ಬಸ್ಸಿಗೆ ಹಾಕ್ರಿ. ಎಣಿಸುವಾಗ ಅವರನ್ನ ಯಾರೂ ಮಾತಾಡ್ಸಲ್ಲ. ಅದು ನನ್ನ ಜವಾಬ್ದಾರಿ’ ಎಂದಿದ್ದರಂತೆ ಖುರ್ಷಿದಾ.

ಮರುದಿನ ನಾನು ಹೊಳಲ್ಕೆರೆಯಲ್ಲಿದ್ದೆ. ಬೆಳಿಗ್ಗೆ ಭಾವ ಷಟರನ್ನು ಅರ್ಧ ಇಳಿಸಿ ಕುಳಿತರು. ಎದುರಿನ ಔಷಧಿ ಅಂಗಡಿಯ ಬೆಂಚಿನಲ್ಲಿ ಕುಳಿತು ನಾನು ಪತ್ರಿಕೆ ಓದುವವನಂತೆ ನೋಡುತ್ತಿದ್ದೆ. ಆ ಷಟರಿನ ಕೆಳಗೆ ಭಾವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಅವು ಒಂದು ಸಲವೂ ಏಳಲಿಲ್ಲ. ಆ ಅಂಗಡಿಯಿಂದ ಸದ್ದೇ ಬರದೆ ಅಷ್ಟು ಹೊತ್ತು ಕಳೆದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆ ಹೊತ್ತಿನಲ್ಲಿ ಹೊಸದುರ್ಗದಲ್ಲಿ ಏನಾಗುತ್ತಿತ್ತು ಎಂಬುದು ಒಂದು ಗಂಟೆಗೆ ತಿಳಿಯಿತು. ಭಾವ ಕೈ ತೊಳೆದು ತಟ್ಟೆಯ ಮುಂದೆ ಕುಳಿತಿದ್ದರು. ಫೋನ್ ಬಂತು. ಅಕ್ಕ ರಿಸೀವರನ್ನು ಭಾವನ ಕಿವಿಗೆ ಹಿಡಿದಳು, ಖುರ್ಷಿದಾ ಅವರದು ಗಟ್ಟಿ ದನಿ, ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಮೂರು ಮೋಟರಿನ ವಿಷಯ ಒಪ್ಪಿಸಿದರು. ಆಮೇಲೆ ದಾವಣಗೆರೆಯ ಯಜಮಾನರ ವಿಷಯ. ಅವರು ಬೋರ್ಡಿನ ನಂಬರ್ ಹುಡುಕಿ ಮಾಡಿದ್ದರು. ಮೇಸ್ತ್ರಿ ಕೆಲಸಕ್ಕೆ ಬರುತ್ತಾನೋ ಇಲ್ಲವೋ ಇವತ್ತೇ ಹೇಳಲಿ, ಇಲ್ಲದಿದ್ದರೆ ನಾಳೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದರು. ಎಣಿಸುತ್ತಿದ್ದಾರೆ ಎಂದು ಇವರು ಹೇಳಿದಾಗ ನಕ್ಕು, ‘ನಮ್ಮಲ್ಲಿದ್ದಾಗ್ಲೂ ಅವನದು ಅದೇ, ಎಣಿಸೋದು, ತಪ್ಪೋದು’ ಎಂದರಂತೆ. ಖುರ್ಷಿದಾ ಅದನ್ನೂ ಬಿಡದೆ ಹಾಗೆಯೇ ಒಪ್ಪಿಸಿದರು.

ಭಾವ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಅಕ್ಕನ ಕೈ ರಿಸೀವರ್ ಹಿಡಿದು ನೋಯುತ್ತಿತ್ತೋ ಏನೋ, ಅವಳು ಬದಲಿಸಲಿಲ್ಲ. ಹೋಗಬೇಡಿ ಎಂದೂ ಹೇಳಲಿಲ್ಲ.

‘ಬರಲ್ಲ ಅಂತ ಹೇಳ್ರಿ’ ಎಂದರು ಭಾವ.

‘ಈಗ ಬರಲ್ಲ ಅಂತ ಹೇಳ್ಲಾ, ಬರಲ್ಲ ಅಂತ ಹೇಳ್ಲಾ?’

‘ಬರಲ್ಲ ಅಂತ.’

ಅನ್ನ ಕಲಸಿಕೊಂಡು ಬೇಗ ಬೇಗ ಉಂಡು ಅಂಗಡಿಗೆ ಹೋದರು. ಸಂಜೆ ಕತ್ತಲಾಗುವ ಮೊದಲು ಮೋಟರ್ ಬಸ್ಸು ಹತ್ತಿತು. ನಾಲ್ಕನೇ ದಿನ ಖುರ್ಷಿದಾ ತಾವಾಗಿಯೇ ಹಾಸ್ಟೆಲ್ಲಿಗೆ ಫೋನ್ ಮಾಡಿ, ನೀರು ಬರ್ತಿದೆಯಾ ಎಂದು ಕೇಳಿದರು. ಹಾಗೆ ಕೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎತ್ತಿದವಳು ಅಡುಗೆಯವಳು. ‘ಬರ್ತೈತಮ್ಮ, ಹುಡುಗ್ರು ತೊಟ್ಟಿ ಬಿಟ್ಟು ಮೇಲಕ್ಕೇ ಬರಲ್ಲ’ ಎಂದಳಂತೆ. ಒಂದು ಗಂಟೆಯ ಫೋನಿನಲ್ಲಿ ಇದೂ ಬಂತು. ಆ ಮೋಟರ್ ಮೂರು ಬೇಸಿಗೆ ಓಡಿತು. ಮತ್ತೆ ಕೆಟ್ಟಾಗ ಬಂದದ್ದು ಭಾವನಲ್ಲಿಗೇ.

ಮುಂದೆ ಆದದ್ದನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಹಿರಿಯೂರಿನ ಒಬ್ಬ ಶಾಮಿಯಾನದವರು, ಚಿತ್ರದುರ್ಗದ ಸಂತೇಪೇಟೆಯ ಕಡೆ ಮದುವೆ ಬ್ಲೌಸು ಹೊಲಿಯುವ ಇಬ್ಬರು ಅಕ್ಕತಂಗಿಯರು, ಹೊಳಲ್ಕೆರೆಯ ಒಬ್ಬ ಫೋಟೋ ಸ್ಟುಡಿಯೋದವರು, ಹೀಗೆ ಒಬ್ಬರಿಂದ ಒಬ್ಬರು ಕೇಳಿ ಖುರ್ಷಿದಾ ಅವರ ನಂಬರನ್ನು ತಮ್ಮ ಬೋರ್ಡಿಗೆ ಬರೆಸಿಕೊಂಡರು. ಒಬ್ಬೊಬ್ಬರಿಗೂ ಅವರು ಬೇರೆ ಬೇರೆ ಉತ್ತರ ಇಟ್ಟುಕೊಂಡಿದ್ದರು. ಕಂಬ ನೆಡ್ತಿದಾರೆ, ಅಳತೆ ತಗೊಳ್ತಿದಾರೆ, ಕತ್ತಲ ಕೋಣೆಯಾಗೆ ಅದಾರೆ. ಹಿರಿಯೂರಿನ ಶಾಮಿಯಾನದವರು ಮದುವೆಯಾದ ಮೇಲೆ ಮೊದಲ ಬಾರಿಗೆ ಮಧ್ಯಾಹ್ನದ ಊಟವನ್ನು ಕುಳಿತು ಮಾಡಿದ್ದು ಆ ವರ್ಷವೇ ಎಂದು ಅವರ ಹೆಂಡತಿ ನನಗೆ ಹೇಳಿದರು. ಇದನ್ನು ಎರಡನೇ ಮೂಲದಿಂದ ಖಚಿತಪಡಿಸಿಕೊಂಡಿಲ್ಲ.

ಮೊಬೈಲು ಬಂದಾಗ ಇದೆಲ್ಲ ಮುಗಿಯಿತೆಂದು ನಾನು ತಿಳಿದೆ. ಭಾವನಿಗೆ ಒಂದು ಕೊಡಿಸಲೂ ಹೋದೆ. ಅಕ್ಕ ಅದನ್ನು ನನ್ನ ಕೈಗೇ ವಾಪಸು ಇಟ್ಟಳು. ಖುರ್ಷಿದಾ ಒಂದು ಮೊಬೈಲು ತೆಗೆದುಕೊಂಡರು, ಅಷ್ಟೇ. ಅವರು ಮಗಳ ಮನೆಗೆ ಹೋದಾಗಲೂ ಜನಕ್ಕೆ ಉತ್ತರ ಸಿಗುತ್ತದೆ. ನಾನು ನಿವೃತ್ತನಾಗಿ ಮನೆಯಲ್ಲೇ ಬರೆಯತೊಡಗಿದ ಮೇಲೆ, ನನ್ನ ಫೋನುಗಳನ್ನೂ ನೀವೇ ನೋಡಿಕೊಳ್ಳುತ್ತೀರಾ ಎಂದು ಅವರನ್ನು ಕೇಳಿದ್ದೆ. ಒಂದು ವಾರ ನೋಡಿ ತಿರುಗಿ ಮಾಡಿದರು. ‘ಸಂಬಳ ತಗೊಳ್ಳೋಷ್ಟು ಫೋನ್ ನಿಮಗೆ ಬರಲ್ಲ ಸಾರ್. ನೀವೇ ಎತ್ಕಳ್ರಿ.’

ಭಾವನೂ ಅವರೂ ಈವರೆಗೆ ಮುಖಾಮುಖಿ ಭೇಟಿಯಾಗಿಲ್ಲ. ಹೊಳಲ್ಕೆರೆಗೂ ಹೊಸದುರ್ಗಕ್ಕೂ ದಿನವೂ ಬಸ್ಸುಗಳಿವೆ. ಯಾಕೆ ಹೋಗಿಲ್ಲ ಎಂದು ಕೇಳಿದರೆ, ದಿನಾ ಮಾತಾಡ್ತೀವಲ್ಲ ಎನ್ನುತ್ತಾರೆ ಭಾವ.

ಈ ಬರಹವನ್ನು ಶುರು ಮಾಡುವಾಗ ಮೊದಲ ಸಾಲಿನ ತಾರೀಖಿಗಾಗಿ ಭಾವನಿಗೆ ಫೋನ್ ಮಾಡಿದೆ. ಅಂಗಡಿಯ ಬೋರ್ಡಿನಲ್ಲಿರುವ ನಂಬರಿಗೇ ಮಾಡಬೇಕು, ಬೇರೆ ದಾರಿಯಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಯ ಸಮಯ. ಎಣಿಸ್ತಿದಾರೆ ಸಾರ್, ವಿಷಯ ಏನು ಎಂದು ಆ ದನಿ ಕೇಳಿತು. ನಾನು ಅವರ ಹೆಂಡತಿಯ ತಮ್ಮ ಎಂದೆ. ಗೊತ್ತು ಸಾರ್, ವಿಷಯ ಏನು ಎಂದಿತು. ಹೇಳಿದೆ.

ಒಂದೂಕಾಲಿಗೆ ಅವರೇ ಮಾಡಿದರು.

‘ಮಾರ್ಚ್ ಅಂತೆ ಸಾರ್. ತಾರೀಖು ನೆನಪಿಲ್ಲಂತೆ.’

ಬೇರೇನಾದರೂ ಹೇಳಿದರೇ ಎಂದು ಕೇಳಿದೆ.

‘ಇಲ್ಲ ಸಾರ್. ಊಟ ಮಾಡಿ ಎಣಿಸಕ್ಕೆ ಹೋದ್ರು.’